ತಮ್ಮನ ಬಲಗಿವಿ

ಕೆಲವು ವಿವರಗಳು ತಪ್ಪಿರಬಹುದು. ಅಂದು ಶುಕ್ರವಾರವೋ ಶನಿವಾರವೋ, ತಮ್ಮ ಲೋಕೇಶ ರಜೆಯಲ್ಲಿ ಬಂದು ಎಷ್ಟು ದಿನವಾಗಿತ್ತೋ — ಖಚಿತವಿಲ್ಲ. ನಾನು ಸುಳ್ಳು ಹೇಳಿದ್ದು ಮಾತ್ರ ಖಚಿತ. ಅವನ ರಕ್ತ ಸರಿಯಿಲ್ಲವೆಂದು ತಿಳಿದೂ ಸರಿಯಿದೆ ಎಂದೆ.

ಲೋಕೇಶ ಕಡಲಾಳದ ಪೈಪುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ವಾರಗಟ್ಟಲೆ ಹಡಗಿನ ಒತ್ತಡದ ಕೋಣೆಯಲ್ಲೇ ಊಟ, ನಿದ್ರೆ; ಅಲ್ಲಿಂದಲೇ ನೀರಿಗಿಳಿಯುವುದು. ಆ ಒತ್ತಡ, ಹೀಲಿಯಂ ಬೆರೆತ ಗಾಳಿ, ಆರದ ತೇವ — ಇವುಗಳಿಂದ ರೋಗ ತಡೆಯುವ ಬಿಳಿ ರಕ್ತಕಣಗಳು ಏರುಪೇರಾಗಬಹುದು, ಮೇಲೆ ಬಂದ ನಂತರವೂ ದೇಹ ಸುಧಾರಿಸಿಕೊಳ್ಳಲು ಸಮಯ ಬೇಕು ಎಂದು ಓದಿದ್ದೆ. ಸೂಕ್ಷ್ಮಜೀವಿಶಾಸ್ತ್ರ ಕಲಿತು ಚಿಕ್ಕಮಗಳೂರಿನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದವಳು ನಾನು. ಕಿವಿ ತುರಿಸುತ್ತದೆ, ಸುಸ್ತು ಎಂದಾಗ ಅವನ ರಕ್ತ ತೆಗೆದವಳೂ ನಾನೇ. ಸೂಕ್ಷ್ಮದರ್ಶಕದಡಿ ಆ ಬಿಳಿ ಕಣಗಳಲ್ಲಿ ಮುಖ್ಯವಾದ ಲಿಂಫೋಸೈಟುಗಳನ್ನು ಹುಡುಕಬೇಕಾಯಿತು — ಅಷ್ಟು ವಿರಳ.

ಅದೇ ದಿನ ಮಲ್ಲಂದೂರಿನ ನಮ್ಮ ತೋಟದಲ್ಲಿ ಪಂಪು ನಿಂತಿತ್ತು. ರೊಬಸ್ಟಾ ಕಾಫಿಯ ಮೊಗ್ಗು ಅರಳಲು ನೀರಿಗೆ ಕಾದಿತ್ತು, ಮಳೆಯಿಲ್ಲ, ಸ್ಪ್ರಿಂಕ್ಲರ್ ಅರ್ಧಕ್ಕೇ ನಿಂತರೆ ಉಳಿದ ತೋಟ ಮೊಗ್ಗಿನಲ್ಲೇ ಕರಟುತ್ತದೆ. ಕೆರೆಯ ತಳದಲ್ಲಿ, ಪೈಪು ನೀರೆಳೆಯುವ ಬಾಯಿಯ ಫುಟ್‌ವಾಲ್ವಿಗೆ ಏನೋ ಸಿಕ್ಕಿಕೊಂಡಿತ್ತು. ಕಾಫಿಹಣ್ಣು ಸುಲಿಯುವ ಪಲ್ಪರ್ ಯಂತ್ರದ ಕೊಳೆನೀರು ಸೇರಿ ಕೆರೆ ಹುಳಿನಾತ ಹೊಡೆಯುತ್ತಿತ್ತು.

ನನ್ನ ಗಂಡ ರುದ್ರೇಶ್ ಏರಿಯ ಮೇಲೆ ನಿಂತು ನಕ್ಕರು: "ಏನ್ ಮಾರಾಯ, ಕಡಲಿನ ತಳ ಕಂಡೋನಿಗೆ ನಮ್ಮ ಕೆರೆ ಕಂಡ್ರೆ ಹೆದ್ರಿಕೆಯಾ? ಎಮ್ಮೆನೂ ಇಳಿಯುತ್ತೆ ಇದ್ರಲ್ಲಿ!"

"ಎಮ್ಮೆಗೆ ರಜಾ ಇರಲ್ಲ ಭಾವ, ನಂಗಿದೆ," ಎಂದ ಲೋಕೇಶ. ಆಮೇಲೆ ನನ್ನತ್ತ ತಿರುಗಿದ. "ಅಕ್ಕ, ರಕ್ತ ಹೆಂಗಿದೆ? ಇಳೀಬೋದಾ?"

"ಎಲ್ಲ ಸರಿ ಇದೆ ಕಣೋ. ಇಳಿ."

ಒಂದು ಗಳಿಗೆ ನನ್ನನ್ನೇ ನೋಡಿದ. ಅಂಗಿ ಬಿಚ್ಚಿದ.

ಇಳಿ ಎನ್ನುವಾಗ ನಾನು ನೋಡುತ್ತಿದ್ದುದು ಮೊಗ್ಗುಗಳನ್ನೋ, ಗಂಡನ ಮುಖವನ್ನೋ — ನೆನಪು ನನಗೆ ಅನುಕೂಲವಾದ ಚಿತ್ರವನ್ನೇ ಕೊಡುತ್ತದೆ, ಅದನ್ನು ನಂಬಲಾರೆ. ಅವನು ಮತ್ತೆ ಮತ್ತೆ ಮುಳುಗಿದ. ಮೇಲೆ ಬಂದು ಉಸಿರೆಳೆದುಕೊಂಡ ಪ್ರತಿ ಸಲವೂ ಸಾಕು ಎನ್ನಬಹುದಿತ್ತು. ಎನ್ನಲಿಲ್ಲ. ಕೊನೆಗೆ ಕೊಳೆತ ಗೋಣಿಚೀಲವೊಂದನ್ನು ಎಳೆದು ತಂದ. ಪಂಪು ಓಡಿತು.

ವಾರದೊಳಗೆ ತೋಟವಿಡೀ ಬೆಳ್ಳಗೆ ಅರಳಿತು. ಅವನು ಕಿವಿ ಹಿಡಿದುಕೊಂಡು ಜ್ವರದಲ್ಲಿ ನರಳುತ್ತಿದ್ದ. ಸೋಂಕು ಕಿವಿಯ ಹಿಂದಿನ ಮೂಳೆಗೆ ಇಳಿದಿತ್ತು. ಆಪರೇಷನ್ ಆಯಿತು, ಬಲಗಿವಿ ಕಿವುಡಾಯಿತು, ಅದರೊಂದಿಗೆ ಕಡಲಿನ ಕೆಲಸವೂ ಹೋಯಿತು.

ಕಾರಣ ಕಡಲೋ ಕೆರೆಯೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಆ ಅನಿಶ್ಚಯದ ಹಿಂದೆ ವರ್ಷಗಟ್ಟಲೆ ಅಡಗಿದ್ದೆ. ಇನ್ನು ಬೇಡ. ನಾನು ತೂಗಿ ನೋಡಿದ್ದೆ — ಒಂದು ಕಡೆ ಹೂವು, ಇನ್ನೊಂದು ಕಡೆ ತಮ್ಮ — ಆರಿಸಿಕೊಂಡಿದ್ದೆ.

ಈಗ ಅವನು ಮೂಡಿಗೆರೆಯಲ್ಲಿ ಪಲ್ಪರ್ ರಿಪೇರಿ ಮಾಡುತ್ತಾನೆ. ಕಳೆದ ಭಾನುವಾರ ಅವನ ಅಂಗಡಿಗೆ ಹೋದೆ. ಕೇಳಿಸಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ಇಬ್ಬರಿಗೂ ಇರಬಾರದೆಂದು, ಕೇಳುವ ಕಿವಿಯಿದ್ದ ಅವನ ಎಡಕ್ಕೆ ಕುಳಿತೆ. ಅಂದು ರಕ್ತದಲ್ಲಿ ಕಂಡದ್ದನ್ನು ಹೇಳಿದೆ. ಅವನು ಸ್ಪ್ಯಾನರ್ ಒರೆಸುತ್ತಲೇ ಇದ್ದ.

"ಅಂಗಿ ಬಿಚ್ಚೋ ಮುಂಚೆ ನನ್ನನ್ನೇ ನೋಡಿದ್ಯಲ್ಲ. ಅವತ್ತು ನಾನ್ ಸುಳ್ಳು ಹೇಳ್ತಿದೀನಿ ಅಂತ ನಿಂಗೆ ಗೊತ್ತಾಗಿತ್ತಾ, ಲೋಕೇಶ?"