ಹಲಸಿನ ಮರಕ್ಕೆ ಸುಣ್ಣದ ಗುರುತು

ಕ್ಯಾಲೆಂಡರಿನ ಪ್ರಕಾರ ವರ್ಷದ ಅತಿ ಉದ್ದದ ಹಗಲು ಬರುವುದು ಜೂನ್ ತಿಂಗಳಲ್ಲಿ. ಹಾಗೆಂದು ಬರೆದವರು ಆ ತಿಂಗಳಲ್ಲಿ ಕೊಡಗಿನ ಅಮ್ಮತ್ತಿ ಕಡೆ ಬಂದು ನನ್ನ ಮೇಜಿನ ಮುಂದೆ ಅರ್ಧ ದಿನ ಕೂರಲಿ. ಬೆಳಿಗ್ಗೆ ಹತ್ತಕ್ಕೂ ಲೈಟ್ ಹಾಕಬೇಕು, ಅದೂ ಕರೆಂಟ್ ಇದ್ದರೆ. ಹಗಲು ಗಿಡ್ಡವಾಗುವ ಡಿಸೆಂಬರಿನಲ್ಲೇ ನಮಗೆ ಕಣ್ಣು ಕುಕ್ಕುವ ಬಿಸಿಲು. ಆಗ ಕಾಫಿ ಹಣ್ಣಿನ ಪಿಕಿಂಗ್ ಶುರುವಾಗಿರುತ್ತದೆ, ನನಗೂ ಎಲ್ಲಿಲ್ಲದ ಉಮೇದು. ಉದ್ದದ ಹಗಲನ್ನು ಮಾತ್ರ ಮೋಡ ನುಂಗಿ ನೀರು ಕುಡಿಯುತ್ತದೆ.

ನಾನು ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಯಾವ ಗ್ಯಾಂಗ್ ತೋಟದ ಯಾವ ಬ್ಲಾಕಿಗೆ ಹೋಗಿ ಏನು ಮಾಡಬೇಕು ಎಂದು ಬೆಳಿಗ್ಗೆ ಹೇಳಿ ಕಳಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ, ಚೆನ್ನಾಗಿಯೇ ಮಾಡುತ್ತೇನೆ. ಆದರೆ ಮಳೆ ಹಿಡಿದು ಎರಡು ವಾರವಾಯಿತೆಂದರೆ ತಲೆಯೊಳಗೆ ಒದ್ದೆ ಗೋಣಿ ತುರುಕಿದ ಹಾಗೆ. ಎಷ್ಟು ಮಲಗಿದರೂ ನಿದ್ದೆ ಸಾಲದು. ದಿನಾ ನೋಡುವವರ ಹೆಸರು ಬಾಯಿಗೆ ಬರುವುದಿಲ್ಲ. ಅನ್ನ ಬಸಿಯುವಾಗ ಸುಮ್ಮಸುಮ್ಮನೆ ಅಳು ಬರುತ್ತದೆ.

"ಮಳೆಗಾಲ ನಮ್ಗೂ ಬಂದಿತ್ತು ಕಣವ್ವ. ನಾವೇನ್ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೊಂಡ್ವಾ?" ಎನ್ನುತ್ತಿದ್ದರು ಅತ್ತೆ. ನನಗೂ ಅದೇ ಸರಿ ಅನ್ನಿಸುತ್ತಿತ್ತು. ಸೋಮಾರಿ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಮಳೆ ಎರಡೇ ದಿನ ಬಿಡುವು ಕೊಟ್ಟಿತು. ಅಷ್ಟರಲ್ಲಿ ಗೊಬ್ಬರ ಹಾಕಿ ಮುಗಿಸಬೇಕು. ನಾನು ಗ್ಯಾಂಗನ್ನು ಎರಡು ದಿನವೂ ಹೊಳೆ ಬದಿಯ ಬ್ಲಾಕಿಗೇ ಕಳಿಸಿದೆ. "ನಿನ್ನೆ ಹಾಕಿದ್ದು ಇಲ್ಲೇ ಅಲ್ವಾ?" ಎಂದು ಅವರು ಕೇಳಿದ್ದರಂತೆ, "ಹೇಳಿದಷ್ಟು ಮಾಡಿ" ಎಂದು ನಾನು ರೇಗಿದ್ದೆನಂತೆ. ನನಗೆ ಅದರ ನೆನಪೇ ಇಲ್ಲ. ಗುಡ್ಡದ ಬ್ಲಾಕಿಗೆ ಒಂದು ಹಿಡಿಯೂ ಬೀಳುವ ಮೊದಲೇ ಮತ್ತೆ ಮಳೆ ಹಿಡಿಯಿತು.

"ಇನ್ನೊಂದು ಮಳೆಗಾಲ ಹಿಂಗೇ ಆದ್ರೆ ನಾನು ಬೇರೆ ರೈಟರ್ ನೋಡ್ಕೋತೀನಿ," ಎಂದರು ಮ್ಯಾನೇಜರ್.

ಹೆದರಿ ಗೋಣಿಕೊಪ್ಪಲಿನ ಡಾಕ್ಟರ ಹತ್ತಿರ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಇದು ಸೋಮಾರಿತನ ಅಲ್ಲ ಎಂದರು. ಕಣ್ಣಿಗೆ ಬೆಳಗಿನ ಬೆಳಕು ಸಾಕಷ್ಟು ಬೀಳದಿದ್ದರೆ ಕೆಲವರ ಮಿದುಳಿನ ಗಡಿಯಾರ ಹಿಂದುಮುಂದಾಗುತ್ತದಂತೆ. ನಿದ್ದೆ, ನೆನಪು, ಮನಸ್ಸು ಎಲ್ಲವೂ ಅದರ ಜೊತೆಗೇ ಕೆಡುತ್ತವಂತೆ.

"ಬೆಳಿಗ್ಗೆ ಹೊತ್ತು ಬೆಳಕಿರೋ ಕಡೆ ಕೂತ್ಕೊಳ್ಳಿ."

"ಜುಲೈನಲ್ಲಿ ಬೆಳಕು ಎಲ್ಲಿ ಸಿಗುತ್ತೆ ಡಾಕ್ಟ್ರೇ?" ಎಂದು ಕೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಎಂದಿನಂತೆ ಮರಗಸಿ ಬಂತು. ಮಳೆಗೆ ಮುಂಚೆ ನೆರಳು ಮರಗಳ ಕೊಂಬೆ ಕಡಿದು ಕಾಫಿ ಗಿಡಕ್ಕೆ ಬೆಳಕು ಬಿಡುವ ಕೆಲಸವದು. ಯಾವ ಮರ ಎಂದು ಮ್ಯಾನೇಜರ್ ಕೈ ತೋರಿಸುತ್ತಾ ಹೋಗುತ್ತಾರೆ, ನಾನು ಹಿಂದೆಯೇ ಬಂದು ಬುಡಕ್ಕೆ ಸುಣ್ಣ ಹಚ್ಚುತ್ತೇನೆ. "ಕತ್ತಲಾದ್ರೆ ಗಿಡ ಮಂಕಾಗುತ್ತೆ, ಕಾಯಿ ಉದುರಿಸುತ್ತೆ. ಪಾಪ, ಅದೇನ್ ಮಾಡುತ್ತೆ?" ಎಂದರು. ಪ್ರತಿ ವರ್ಷ ಹೇಳುವ ಮಾತೇ. ಈ ಸಲ ಮಾತ್ರ ನನ್ನ ಮೈ ಉರಿದುಹೋಯಿತು. ಗಿಡಕ್ಕೆ ಪಾಪ, ನನಗೆ ಬೇರೆ ರೈಟರ್!

ವಾಪಸು ಬಂದವಳೇ ಆಫೀಸಿನ ಮೇಲೆ ಕವುಚಿಕೊಂಡಿದ್ದ ದೊಡ್ಡ ಹಲಸಿನ ಮರದ ಬುಡಕ್ಕೆ ಮೊಳದುದ್ದ ಸುಣ್ಣ ಬಳಿದೆ.

ಮಾರನೆಯ ದಿನ ಮ್ಯಾನೇಜರ್ ಅದನ್ನು ನೋಡಿ ನಿಂತರು. ಮರ ಹತ್ತುವವರು ಹಗ್ಗ ಹಿಡಿದುಕೊಂಡು ಕಾಯುತ್ತಿದ್ದರು.

"ಇದಕ್ಯಾರು ಸುಣ್ಣ ಹಚ್ಚಿದ್ದು?"

"ನಾನೇ ಸರ್."

"ಇದರ ಕೆಳಗೆ ಕಾಫಿ ಗಿಡ ಎಲ್ಲಿದೆಯಮ್ಮಾ?"

"ಗಿಡ ಇಲ್ಲ ಸರ್. ನಾನಿದ್ದೀನಿ."

ನಾನು ಕಣ್ಣು ಕೆಳಗೆ ಹಾಕಲಿಲ್ಲ. ಅವರು ಮರ ನೋಡಿದರು, ನನ್ನನ್ನು ನೋಡಿದರು, ಜೀಪ್ ಹತ್ತಿ ಹೊರಟುಹೋದರು. ಬೇಡ ಎನ್ನಲಿಲ್ಲವಲ್ಲ! ಹಗ್ಗ ಹಿಡಿದು ನಿಂತವರಿಗೆ ಹತ್ತಿ ಎಂದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಿಟಕಿಯಲ್ಲಿ ಆಕಾಶ ಕಂಡಿತು.

ಆ ಮಳೆಗಾಲದಲ್ಲೂ ಮಂಕು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮೇಜನ್ನು ಕಿಟಕಿಗೆ ಒತ್ತಿಕೊಂಡು ಕೂತೆ, ಬೆಳಿಗ್ಗೆ ಕೊಡೆ ಹಿಡಿದು ಅಂಗಳದಲ್ಲಿ ನಡೆದೆ, ಅತ್ತೆ ಏನೆಂದರೂ ಬಿಡಲಿಲ್ಲ. ಆಗಸ್ಟಿನಲ್ಲಿ ಗೊಬ್ಬರ ಗುಡ್ಡದ ಬ್ಲಾಕಿಗೂ ಬಿತ್ತು. ಬೇರೆ ರೈಟರ್ ಬರಲಿಲ್ಲ.

ಹಲಸು ಈಗ ಮತ್ತೆ ಚಿಗುರಿದೆ. ಈ ಮೇ ತಿಂಗಳಲ್ಲಿ ಸುಣ್ಣದ ಡಬ್ಬ ಹಿಡಿದು ಹೊರಟಾಗ ಮೊದಲ ಗುರುತು ಹಾಕಿದ್ದು ಅದಕ್ಕೇ, ಯಾರನ್ನೂ ಕೇಳಲಿಲ್ಲ.