ಅಕ್ಕನ ಸೊಟ್ಟ ಹಲ್ಲು

ಪಕ್ಕದ ಫ್ಲ್ಯಾಟಿನಲ್ಲಿ ಇವತ್ತು ಚಾವಣಿಗೆ ಪಿಒಪಿ ಕೆಲಸ. ಒದ್ದೆ ಪ್ಲಾಸ್ಟರಿನ ವಾಸನೆ ಬಂದದ್ದೇ ತಡ, ಮನಸ್ಸಿನಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಆ ಹಳೆಯ ಹಲ್ಲಿನ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆ.

ಹಲ್ಲಿಗೆ ತಂತಿ ಹಾಕಿ ನೇರ ಮಾಡುವ ಡಾಕ್ಟರೊಬ್ಬರು ನಮ್ಮಲ್ಲಿಗೆ ಬಂದದ್ದು ಅದೇ ಮೊದಲು. ಉಡುಪಿ ಕಡೆಯವರು. "ಹುಡುಗಿಯ ಬಾಯಿಗೆ ಬೇಲಿಯಾ?" ಎಂದು ಜನ ನಕ್ಕರು. ಯಾರೂ ಹತ್ತಿರ ಸುಳಿಯದಿದ್ದಾಗ ಅಪ್ಪ ಅಕ್ಕನನ್ನು ಕರೆದುಕೊಂಡು ಹೋದರು. ಡಾಕ್ಟರು ರಬ್ಬರ್ ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿ ಅವಳ ಸೊಟ್ಟ ಹಲ್ಲಿನ ಅಚ್ಚು ಮಾಡಿದರು. ತಂತಿ ಬಿಚ್ಚಿದ ಮೇಲೆ ನೇರ ಹಲ್ಲಿನದ್ದೂ ಮಾಡಿ, ಎರಡನ್ನೂ ಮೇಜಿನ ಮೇಲಿಟ್ಟರು. ಅವನ್ನು ನೋಡಿದವರ ಮಾತು ಕೇಳಿ ಕಲ್ಯಾಣ, ಠಾಣೆ ಊರುಗಳಿಂದಲೂ ಜನ ಬರತೊಡಗಿದರು.

ಒಂದು ದಿನ ಕಾಲೇಜಿಗೆ ಹೊರಟ ಅಕ್ಕ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡಳು. ಡಾಕ್ಟರು ಎರಡೂ ಅಚ್ಚುಗಳನ್ನು ಮನೆಗೆ ತಂದು, ನೇರ ಹಲ್ಲಿನದ್ದನ್ನು ಅಮ್ಮನ ಕೈಗಿಟ್ಟರು.

"ಇದು ನಿಮ್ಮ ಕೆಲಸ, ನೀವೇ ಇಟ್ಕೊಳ್ಳಿ ಡಾಕ್ಟ್ರೇ," ಎಂದು ಅಮ್ಮ ಸೊಟ್ಟ ಹಲ್ಲಿನದ್ದನ್ನು ಎತ್ತಿಕೊಂಡಳು. "ನನ್ನ ಮಗು ಇದು."

ಡಾಕ್ಟರು ಮತ್ತೆಂದೂ ನೇರ ಹಲ್ಲಿನ ಆ ಅಚ್ಚನ್ನು ಮೇಜಿನ ಮೇಲಿಡಲಿಲ್ಲ.

ಮರೆವು ಹಿಡಿದಿರುವ ಅಮ್ಮ ಈಗಷ್ಟೇ ಪಕ್ಕದ ಫ್ಲ್ಯಾಟಿನ ಆ ವಾಸನೆಗೆ ನನ್ನತ್ತ ತಲೆಯೆತ್ತಿದಳು. "ಡಾಕ್ಟ್ರು ಬಂದ್ರಾ? ಅವಳ ಹಲ್ಲು ಹಾಗೇ ಇರ್ಲಿ ಅಂತ ಹೇಳು ಮಾರಾಯ್ತಿ."