ಮಗಳು ತಲೆಯಾಡಿಸಿದ ದಿನ

ನನ್ನ ಮಗಳಿಗೆ ಆರು ವರ್ಷವಿದ್ದಾಗ ಮೆದುಳು ಜ್ವರ ಬಂತು. ಜೀವ ಉಳಿಯಿತು, ಎರಡೂ ಕಿವಿ ಹೋದವು. ತೊಂಬತ್ತರ ದಶಕದ ನಡುವಿನ ಮಾತಿದು. ನಾವಾಗ ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದೆವು. ಯಜಮಾನರಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ನಾನು ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದೆ.

ವೈದ್ಯರು ಮುಚ್ಚಿಡಲಿಲ್ಲ. "ಕೇಳೂದು ಇನ್ನ ಬರೂದಿಲ್ರಿ. ಕಲ್ತ ಮಾತರ ಉಳೀಬೇಕಂದ್ರ ಲಗೂನ ಕಿವುಡ ಮಕ್ಕಳ ಸಾಲಿಗೆ ಹಾಕ್ರಿ" ಎಂದರು.

ಮರುವಾರವೇ ಹೊಸ ವರ್ಷ. ಅಂದಿನ ಬೆಳಗಿನ ಆರಾಧನೆಯಲ್ಲಿ ನಮ್ಮ ಚರ್ಚಿನ ಸಭೆಯವರು ತಟ್ಟೆಯಿಂದ ಒಬ್ಬೊಬ್ಬರಾಗಿ ವಾಗ್ದಾನದ ಚೀಟಿ ಎತ್ತುತ್ತಾರೆ. ಅದರಲ್ಲಿರುವ ಬೈಬಲಿನ ವಾಕ್ಯ ಆ ವರ್ಷಕ್ಕೆ ದೇವರು ನಮಗೆಂದೇ ಕೊಟ್ಟ ಮಾತು ಎಂಬ ನಂಬಿಕೆ. ನನಗೆ ಬಂದದ್ದು ಸ್ವಸ್ಥತೆಯ ವಾಗ್ದಾನ. ಅಷ್ಟು ಜನರಲ್ಲಿ ಅದು ನನ್ನ ಕೈಗೇ ಬಂತಲ್ಲ ಎಂದು ಚಾಪೆಯ ಮೇಲೆ ಕುಸಿದು ಅತ್ತೆ.

"ಸಾಲಿಗೆ ಹೆಸರು ಹಚ್ಚಿ ಬರೂಣು" ಎಂದು ಯಜಮಾನರು ಎರಡು ಮೂರು ಸಲ ಕೇಳಿದರು.

"ಅಲ್ಲಿಗೆ ಹಾಕಿದ್ರ ದೇವರ ಮಾತು ಸುಳ್ಳಂತ ನಾವ ಒಪ್ಪಿದಂಗ ಆಗತೈತ್ರಿ" ಎಂದು ಅವರ ಬಾಯಿ ಮುಚ್ಚಿಸಿದೆ.

ಹೀಗೆ ಎರಡು ವರ್ಷ ಹೋದವು. ಶುಕ್ರವಾರ ಉಪವಾಸ ಮಾಡಿದೆ, ಅವಳ ಕಿವಿಗೆ ಎಣ್ಣೆ ಸವರಿ ಪ್ರಾರ್ಥಿಸಿದೆ. ಇತ್ತ ಅವಳ ಮಾತು ಸವೆಯುತ್ತಿತ್ತು. ಮೊದಲು ಕೆಲವು ಅಕ್ಷರ ಬಿದ್ದುಹೋದವು, ಆಮೇಲೆ ಪದಗಳೇ. ಓಣಿಯ ಮಕ್ಕಳು ನಕ್ಕಾಗ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು. ನೀರು ಬೇಕಾದರೂ ಬಿಂದಿಗೆಯ ಕಡೆ ಬೆರಳು ಮಾಡುತ್ತಿದ್ದಳು. ನನಗೆ ಎದೆ ಒಡೆದಂತಾಗುತ್ತಿತ್ತು. ಆದರೂ ಇದು ಪರೀಕ್ಷೆ, ಈಗ ಕೈಬಿಟ್ಟರೆ ಎಲ್ಲ ಹೋಗುತ್ತದೆ ಎಂದು ಹಲ್ಲು ಕಚ್ಚಿ ನಿಂತೆ.

ಒಂದು ಸಂಜೆ ಪರವೂರಿನ ಬೋಧಕರೊಬ್ಬರ ಕೂಟಕ್ಕೆ ಅವಳನ್ನು ಕರೆದೊಯ್ದೆ. ಅವರು ಅವಳ ಕಿವಿಗಳ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ, "ಕೇಳಸ್ತೈತೇನವಾ?" ಎಂದರು. ಮಗಳು ಅವರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ನೋಡಿ ಹೌದೆಂದು ತಲೆಯಾಡಿಸಿದಳು. ಪೆಂಡಾಲಿನ ತುಂಬ ಚಪ್ಪಾಳೆ. ನಾನು ಅವಳನ್ನು ಅವುಚಿಕೊಂಡು ಖುಷಿಯಿಂದ ಕೂಗಿದೆ.

ಮನೆಗೆ ಬಂದು ಅವಳ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಹಿತ್ತಾಳೆಯ ದೊಡ್ಡ ತಟ್ಟೆಯನ್ನು ನೆಲಕ್ಕೆ ಕೆಡವಿದೆ. ನೆಲ ಅದುರಿದ್ದಕ್ಕೋ ಏನೋ, ತಿರುಗಿ ನನ್ನನ್ನು ನೋಡಿದಳು. ನನ್ನ ಕಣ್ಣಲ್ಲಿ ನೀರು ಕಂಡದ್ದೇ ತಡ, ಗಡಬಡಿಸಿ ಮತ್ತೆ ತಲೆಯಾಡಿಸತೊಡಗಿದಳು. ಕೇಳಿಸುತ್ತದೆ, ಕೇಳಿಸುತ್ತದೆ ಎಂದು. ಎಂಟು ವರ್ಷದ ಕೂಸು ನನ್ನ ನಂಬಿಕೆಯನ್ನು ಉಳಿಸಲು ಸುಳ್ಳು ಹೇಳುತ್ತಿತ್ತು.

ಮರುದಿನ ಬೆಳಿಗ್ಗೆ ನಮ್ಮ ಸಭೆಯ ವಯಸ್ಸಾದ ಪಾಸ್ಟರ ಮನೆಗೆ ಹೋದೆ.

"ಅಯ್ಯನವರ, ದೇವರು ಮಾತು ತಪ್ಪಿದನೋ, ನಾ ನಂಬೂದು ಕಡಿಮಿ ಬಿತ್ತೋ? ಖರೇ ಹೇಳ್ರಿ."

ಅವರು ನನ್ನನ್ನು ಕೂರಿಸಿ ಎದುರಿಗೆ ಕೂತರು. "ನನಗ ಗೊತ್ತಿಲ್ಲವಾ. ಗೊತ್ತೈತಿ ಅಂದ್ರ ನಿನಗ ಮೋಸ ಮಾಡಿದಂಗ. ನಾನೂ ಬೇಡಿದ್ದು ಎಷ್ಟೋ ಸಿಕ್ಕಿಲ್ಲ" ಎಂದರು. ಆಮೇಲೆ, "ಆ ಕೂಸಿನ ತಲಿಮ್ಯಾಲ ಮಾತ್ರ ಈ ಭಾರ ಹೊರಿಸಬ್ಯಾಡ. ಸಾಲಿಗೆ ಕರಕೊಂಡು ಹೋಗು. ಬೇಕಂದ್ರ ನಾನೂ ಬರತೇನಿ."

ಅವರು ಬಂದರು. ಕಿವುಡ ಮಕ್ಕಳ ಶಾಲೆಯ ಶಿಕ್ಷಕಿ, ಕಿವಿ ಹೋಗಿ ಎಷ್ಟು ದಿನವಾಯಿತೆಂದು ಕೇಳಿದರು. "ಎರಡ ವರ್ಷಾತ್ರಿ" ಎಂದೆ. ಅವರು ಪೆನ್ನು ಕೆಳಗಿಟ್ಟು, "ಅಯ್ಯ, ಆವಾಗ ಕರಕೊಂಡು ಬರಬೇಕಿತ್ತಲ್ರೀ" ಎಂದರು, ಅಷ್ಟೇ. ಪಾಸ್ಟರು ತಲೆ ತಗ್ಗಿಸಿ ಕೂತಿದ್ದರು.

ಹೋದ ಮಾತು ಪೂರ್ತಿ ಮರಳಲಿಲ್ಲ. ಅವಳು ಕೈಸನ್ನೆ ಕಲಿತಳು, ಗೆಳತಿಯರನ್ನು ಮಾಡಿಕೊಂಡಳು, ಹತ್ತನೆಯ ತರಗತಿ ಮುಗಿಸಿದಳು. ನಾನೂ ಅವಳಿಂದ ತಡವರಿಸುತ್ತ ಸನ್ನೆ ಕಲಿತೆ. ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೇನೆ. ದೇವರನ್ನು ಬಿಟ್ಟು ಇರಲು ನನಗೆ ಬರುವುದಿಲ್ಲ. ಆದರೆ ಮೊಣಕಾಲೂರಿದಾಗ ಇವತ್ತಿಗೂ ಮೊದಲು ಬಾಯಿಗೆ ಬರುವುದು ಸ್ತೋತ್ರವಲ್ಲ, ಆ ಎರಡು ವರ್ಷಗಳ ಲೆಕ್ಕ ಕೇಳುವ ಜಗಳ.